ಕನ್ನಡದಲ್ಲೇ ಬರೆದು ರಾಯಭಾರಿ ಆಗಬಹುದಾ?

ಜಮಖಂಡಿ ಅಣ್ಣಾರೆ, ನಿಮ್ಮ ಮಗಳು ಕನ್ನಡ ಮಾಧ್ಯಮದಲ್ಲಿ ಬಿಎ ಮಾಡಿ ವಿದೇಶಾಂಗ ಸೇವೆಗೆ ಹೋಗಬಹುದಾ, ಹೋದರೆ ಊರ ಕಡೆ ಬರೋದೇ ಇಲ್ವಾ ಅಂತ ಕೇಳಿದ್ದೀರಿ.

ಖಂಡಿತ ಹೋಗಬಹುದು. ಐಎಎಸ್‌ಗೆ ಇರುವ ಯುಪಿಎಸ್‌ಸಿ ಪರೀಕ್ಷೆಯೇ ಇದಕ್ಕೂ. ಮುಖ್ಯ ಪರೀಕ್ಷೆಯ ಉತ್ತರ ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಆದರೆ ಪ್ರಿಲಿಮ್ಸ್, ಅಂದರೆ ಮೊದಲ ಸುತ್ತಿನ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಮುಖ್ಯ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ 25% ಅಂಕವೂ ಬೇಕು. ನಮ್ಮ ಹುಡುಗರು ಎಡವೋದು ಇಲ್ಲೇ, ಈಗಿಂದಲೇ ಓದಿಸಿ.

ಆಯ್ಕೆಯಾದರೆ ಮಸ್ಸೂರಿ, ದೆಹಲಿಯಲ್ಲಿ ತರಬೇತಿ. ಆಮೇಲೆ ಅರೇಬಿಕ್, ಚೈನೀಸ್, ರಷ್ಯನ್ ಥರದ ಒಂದು ಭಾಷೆ ಕೊಡುತ್ತಾರೆ. ಆ ಭಾಷೆಯ ದೇಶಕ್ಕೆ ಮೂರನೇ ಕಾರ್ಯದರ್ಶಿಯಾಗಿ, ಅಂದರೆ ನಮ್ಮ ರಾಯಭಾರ ಕಚೇರಿಯ ಕಿರಿಯ ಅಧಿಕಾರಿಯಾಗಿ ಕಳಿಸುತ್ತಾರೆ. ಭಾಷೆ ಪರೀಕ್ಷೆ ಪಾಸಾಗದೆ ಕೆಲಸ ಕಾಯಂ ಆಗಲ್ಲ. ಮನೇಲಿ ಕನ್ನಡ, ಸಂತೆಯಲ್ಲಿ ಮರಾಠಿ, ಹಿಂದಿ ಆಡಿ ಬೆಳೆದ ನಮ್ಮ ಗಡಿ ಮಕ್ಕಳಿಗೆ ಇದೇನು ಭಾರ ಅಲ್ಲ ಅಂತ ನನ್ನ ಅನಿಸಿಕೆ.

ಸೂಟು, ಪಾರ್ಟಿ ಅಂತ ಮಾತ್ರ ತಿಳ್ಕೋಬೇಡಿ. ಪಾಸ್‌ಪೋರ್ಟ್ ಕಳೆದುಕೊಂಡವರು, ಸಂಬಳ ಸಿಗದ ಕೂಲಿಕಾರರು, ಜೈಲಲ್ಲಿರುವ ನಮ್ಮವರು, ಅಲ್ಲೇ ತೀರಿಕೊಂಡವರ ಶವ ಊರಿಗೆ ಕಳಿಸೋದು, ಎಲ್ಲವೂ ಇವರ ತಲೆಮೇಲೆ. ರಾಯಭಾರಿ ಆಗೋದು ಬಹಳ ವರ್ಷ ಆದಮೇಲೆ.

ಸುಮಾರು ಮೂರು ವರ್ಷಕ್ಕೊಮ್ಮೆ ವರ್ಗ, ನಡುನಡುವೆ ದೆಹಲಿ. ರಜೆ ಸಿಗುತ್ತದೆ, ಬಂದು ಹೋಗಬಹುದು. ಮಕ್ಕಳ ಶಾಲೆ, ಗಂಡನ ನೌಕರಿ ಮಾತ್ರ ನಿಜಕ್ಕೂ ತಲೆನೋವು. ಅದನ್ನ ಅವಳ ಜೊತೆ ಈಗಲೇ ಮಾತಾಡಿ.

ಇನ್ನೊಂದು ದಾರಿಯೂ ಇದೆ: ಎಸ್‌ಎಸ್‌ಸಿ ಸಿಜಿಎಲ್ (ಪದವೀಧರರಿಗೆ ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆ) ಬರೆದು ವಿದೇಶಾಂಗ ಸಚಿವಾಲಯದಲ್ಲಿ ಸಹಾಯಕ ಸೆಕ್ಷನ್ ಅಧಿಕಾರಿ ಆಗೋದು. ಅವರಿಗೂ ಹೊರದೇಶದ ಪೋಸ್ಟಿಂಗ್ ಸಿಗುತ್ತದೆ.