ಹೊಸ ಮೆಂಬ್ರೇನ್ ಬಂದರೆ ಆರ್‌ಒ ನೀರು ಪೋಲಾಗುವುದು ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಆರ್‌ಒ ಒಂದು ಕೊಡ ನೀರು ಕೊಡಲು ಎರಡು ಕೊಡ ಹೊರಗೆ ಚೆಲ್ಲುತ್ತದೆ. ಜೀವಕೋಶದ ಪೊರೆಯ ಮಾದರಿಯಲ್ಲಿ ಮೆಂಬ್ರೇನ್ ಮಾಡುತ್ತಿದ್ದಾರಂತೆ. ಅದು ಬಂದರೆ ಈ ಪೋಲು ತಪ್ಪೀತೇ ಸರ್? – ಓದುಗರೊಬ್ಬರು, ಕೋಲಾರ

ಉತ್ತರ: ಮೆಂಬ್ರೇನ್ ಬದಲಾದ ಮಾತ್ರಕ್ಕೆ ತಪ್ಪುವುದಿಲ್ಲ. ಆರ್‌ಒದಲ್ಲಿ ಪಂಪಿನ ಒತ್ತಡಕ್ಕೆ ನೀರು ಮೆಂಬ್ರೇನ್ ಎಂಬ ತೆಳು ಸೋಸುಪದರ ದಾಟಿ ಈಚೆ ಬಂದಷ್ಟೂ ಆಚೆ ಉಳಿದದ್ದರಲ್ಲಿ ಲವಣ ದಟ್ಟವಾಗುತ್ತದೆ. ಅದನ್ನು ತೊಳೆದು ಹಾಕದಿದ್ದರೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟುತ್ತದೆ, ಗಡಸು ಬೋರ್‌ವೆಲ್ ನೀರಿನಲ್ಲಂತೂ ಬಹು ಬೇಗ. ಚೆಲ್ಲುವ ನೀರು ಮಾಡುವ ಕೆಲಸ ಅದೇ.

ಹಾಗಂತ ಜೀವಕೋಶದಿಂದ ಕಲಿಯಲು ಏನೂ ಇಲ್ಲವೆಂದಲ್ಲ. ಅದರ ಕೊಬ್ಬಿನ ಪೊರೆಯಲ್ಲಿ ನೀರಿಗೆಂದೇ ಅಕ್ವಾಪೊರಿನ್ ಎಂಬ ಪ್ರೋಟೀನ್ ನಾಳಗಳಿವೆ. 1992ರಲ್ಲಿ ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ ತಂಡ ಇದನ್ನು ಕಪ್ಪೆಯ ಅಂಡಾಣುಗಳಲ್ಲಿ ತೋರಿಸಿತು. ಈ ಪ್ರೋಟೀನ್ ಇದ್ದ ಅಂಡಾಣುಗಳು ಲವಣ ಕಡಿಮೆಯಿದ್ದ ದ್ರಾವಣದಲ್ಲಿ ಊದಿಕೊಂಡು ಒಡೆದವು, ಇಲ್ಲದವು ಹೆಚ್ಚುಕಡಿಮೆ ಇದ್ದಂತೆಯೇ ಇದ್ದವು. ಆಗ್ರೆಗೆ 2003ರ ನೊಬೆಲ್ ಬಂತು. ನಾಳದ ಅತಿ ಕಿರಿದಾದ ಜಾಗ ಸುಮಾರು 0.28 ನ್ಯಾನೋಮೀಟರ್, ಅಂದರೆ ಒಂದು ನೀರಿನ ಅಣುವಿನಷ್ಟು. ಅಣುಗಳು ಸಾಲಾಗಿ ಒಂದೊಂದೇ ಹೋಗಬೇಕು. ಆದರೂ ಒಂದು ನಾಳದಲ್ಲಿ ಸೆಕೆಂಡಿಗೆ 300 ಕೋಟಿಯಷ್ಟು ದಾಟುತ್ತವೆ! ಲವಣದ ಅಯಾನು (ವಿದ್ಯುದಾವೇಶವಿರುವ ಕಣ) ಒಂದೂ ನುಸುಳದು. ನಡುವೆ ನೀರಿನ ಅಣು ಮಗ್ಗುಲು ತಿರುಗುವುದರಿಂದ ಹೈಡ್ರೋಜನ್ ಅಯಾನಾದ ಪ್ರೋಟಾನ್‌ಗೂ ದಾರಿಯಿಲ್ಲ.

ಡೆನ್ಮಾರ್ಕಿನ ಒಂದು ಕಂಪನಿ ಈ ಪ್ರೋಟೀನನ್ನು ಸಣ್ಣ ಗುಳ್ಳೆಗಳಲ್ಲಿ ಕೂರಿಸಿ, ಗುಳ್ಳೆಗಳನ್ನು ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ ಪದರದೊಳಗೆ ಸೇರಿಸಿ ಮೆಂಬ್ರೇನ್ ಮಾಡಿ ಮಾರುಕಟ್ಟೆಗೆ ತಂದಿತು. ಕಷ್ಟವಿರುವುದು ನಾಳದಲ್ಲಲ್ಲ, ಅದರ ಸುತ್ತಲಿನ ಹಾಸಿನಲ್ಲಿ. ಚದರ ಮೀಟರುಗಟ್ಟಲೆ ಹಾಸಿನಲ್ಲಿ ಎಲ್ಲೋ ಒಂದಿಷ್ಟು ಬಿರುಕಿದ್ದರೂ ಲವಣ ಅಲ್ಲಿಂದಲೇ ನುಗ್ಗುತ್ತದೆ. ಪ್ರೋಟೀನಿನ ಗೊಡವೆಯೇ ಬೇಡವೆಂದು ಕಾರ್ಬನ್ ನ್ಯಾನೋ ಕೊಳವೆಗಳನ್ನೋ, ಪ್ರಯೋಗಾಲಯದಲ್ಲಿ ಕಟ್ಟಿದ ಕೃತಕ ನಾಳಗಳನ್ನೋ ಹಿಡಿದವರೂ ಇದ್ದಾರೆ. ವೇಗ ಹೆಚ್ಚಿಸುವುದಕ್ಕಿಂತ ಬೇಡದ್ದನ್ನು ಆರಿಸಿ ತಡೆಯುವುದರಲ್ಲೇ ಇವುಗಳಿಂದ ಹೆಚ್ಚು ಲಾಭ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಸಮುದ್ರದ ನೀರಿನ ಪರಾಸರಣ ಒತ್ತಡವೇ, ಅಂದರೆ ಲವಣವು ನೀರನ್ನು ತನ್ನ ಕಡೆಗೆ ಎಳೆಯುವ ಒತ್ತಡವೇ, ಸುಮಾರು 27 ಬಾರ್ (ವಾಯುಮಂಡಲದ ಒತ್ತಡದ ಸುಮಾರು 27 ಪಟ್ಟು). ಎಂಥ ಮೆಂಬ್ರೇನ್ ತಂದರೂ ಪಂಪು ಅದನ್ನು ಮೀರಲೇಬೇಕು.

ಮೂತ್ರಪಿಂಡ ಮಾತ್ರ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟು ಮಾತ್ರ ಹೊರಹಾಕುತ್ತದಲ್ಲ ಎನ್ನಬಹುದು. ಅಲ್ಲಿ ಜೀವಕೋಶಗಳು ಶಕ್ತಿ ವ್ಯಯಿಸಿ ಸೋಡಿಯಂ ಅನ್ನು ರಕ್ತದ ಕಡೆಗೆ ಸಾಗಿಸುತ್ತವೆ, ನೀರು ಅದರ ಹಿಂದೆಯೇ ಅಕ್ವಾಪೊರಿನ್ ಮೂಲಕ ಹೋಗುತ್ತದೆ. ನಿಮ್ಮ ಆರ್‌ಒ ನೀರನ್ನು ತಳ್ಳಿ ಲವಣವನ್ನು ಬಿಡುತ್ತದೆ. ವಿಧಾನವೇ ತದ್ವಿರುದ್ಧ.

ಸದ್ಯಕ್ಕೆ, ಹೊಸ ಯಂತ್ರ ಕೊಳ್ಳುವಾಗ ಶೇಕಡಾ ಎಷ್ಟು ನೀರು ಕುಡಿಯಲು ಸಿಗುತ್ತದೆಂದು ಕೇಳಿ. ಚೆಲ್ಲುವ ನೀರು ನೆಲ ಒರೆಸಲು, ಶೌಚಾಲಯಕ್ಕೆ ಆಗುತ್ತದೆ. ನಿಮ್ಮ ಜಿಲ್ಲೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕಾಟ ಇರುವುದರಿಂದ ದನಕರುಗಳಿಗೆ ಮಾತ್ರ ಕುಡಿಸಬೇಡಿ.