ಬೆಳಿಗ್ಗೆ ಕಟ್ಟಿದ ಮದುವೆ ಬೊಕೆ ರಿಸೆಪ್ಷನ್ ಹೊತ್ತಿಗೆ ಬಾಡುವುದು ಯಾಕೆ?

ಬಿಸಿಲಿಗಿಂತ ಜಾಸ್ತಿ ತೊಂದರೆ ಇರುವುದು ದಂಟಿನ ತುದಿಯಲ್ಲಿ. ಹೂವು ಕತ್ತರಿಸಿದ ಕೂಡಲೇ ದಂಟಿನೊಳಗಿನ ಸಣ್ಣ ಕೊಳವೆಗಳಿಗೆ ಗಾಳಿ ನುಗ್ಗುತ್ತದೆ. ಆಮೇಲೆ ನೀರು ಸರಿಯಾಗಿ ಮೇಲೇರುವುದಿಲ್ಲ. ಹಾಗಾಗಿ ಹಿಂದಿನ ಸಂಜೆಯೇ ದಂಟನ್ನು ನೀರೊಳಗೆ ಹಿಡಿದು 2 ಸೆಂ.ಮೀ. ಓರೆಯಾಗಿ ಕತ್ತರಿಸಿ, ರಾತ್ರಿಯಿಡೀ ಬಕೆಟ್ಟಿನಲ್ಲಿ ನೀರು ಕುಡಿಯಲು ಬಿಡಿ. ಬೆಳಿಗ್ಗೆ ಕಟ್ಟಿ.

ಹೂವಿನ ಆಯ್ಕೆಯಲ್ಲಿ ನಮ್ಮ ಮಲೆನಾಡಿನವರಿಗೆ ಅನುಕೂಲ ಇದೆ. ನೆರಳಲ್ಲಿ ಬೆಳೆಯುವ ಆಂಥೂರಿಯಂ ಒಂದು ದಿನಕ್ಕೆಲ್ಲ ಬಾಡುವುದಿಲ್ಲ. (ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಚಳಿಗೆ ಕಪ್ಪಾಗುತ್ತದೆ.) ಅದನ್ನು ನಡುವೆ ಇಟ್ಟು, ಸುತ್ತ ಅಡಿಕೆ ಸಿಂಗಾರದ (ಅಡಿಕೆ ಮರದ ಹೂಗೊಂಚಲು) ಎಳೆಗಳನ್ನು ಇಳಿಬಿಟ್ಟು ನೋಡಿ. ಪೇಟೆಯ ಗುಲಾಬಿ ಬೊಕೆ ಸಪ್ಪೆ ಅನ್ನಿಸುತ್ತದೆ! ಮಲ್ಲಿಗೆಗೆ ನೀರು ಕುಡಿಯುವಷ್ಟು ದಂಟೇ ಇಲ್ಲ ಅಲ್ವಾ? ಅದನ್ನು ಕೊನೆ ಗಳಿಗೆಯಲ್ಲಿ ಸೇರಿಸಿ.