ಆಕ್ಸಿಜನ್ ಸೆನ್ಸರ್ ಬದಲಿಸಿದರೂ ಲೈಟ್ ಆರುತ್ತಿಲ್ಲ, ಯಾಕೆ?

ಪ್ರಶ್ನೆ: ನನ್ನದು ಹಳೆಯ ಪೆಟ್ರೋಲ್ ಕಾರು, ಏರ್‌ಫ್ಲೋ ಸೆನ್ಸರ್ (ಇಂಜಿನ್ ಒಳಗೆ ಹೋಗುವ ಗಾಳಿ ಅಳೆಯುವುದು) ಇರುವಂಥದ್ದು. ಚೆಕ್ ಇಂಜಿನ್ ಲೈಟ್ ಹತ್ತಿಕೊಂಡಿದೆ. ಸ್ಕ್ಯಾನರ್ ಹಾಕಿದರೆ ಪಿ0171 ಅಂತ ಬರುತ್ತದೆ, ಅಂದರೆ ಮಿಶ್ರಣ ಲೀನ್, ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ. ಆಕ್ಸಿಜನ್ ಸೆನ್ಸರ್ ಹೊಸದು ಹಾಕಿಸಿದೆ, ಕೆಲವೇ ದಿನಕ್ಕೆ ಅದೇ ಕೋಡ್ ಮತ್ತೆ ಬಂತು. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಹೊಂದಾಣಿಕೆ, ಶೇಕಡಾ ಲೆಕ್ಕದಲ್ಲಿ) ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಓಡುವಾಗ, +22, 2500 ಆರ್‌ಪಿಎಂನಲ್ಲಿ +6. ನಿಂತಾಗ ಇಂಜಿನ್ ಸ್ವಲ್ಪ ನಡುಗುತ್ತದೆ. ಮುಂದೆ ಏನು ಬದಲಿಸಲಿ, ಇಂಜೆಕ್ಟರ್ರೋ, ಏರ್‌ಫ್ಲೋ ಸೆನ್ಸರ್ರೋ?

ಉತ್ತರ: ದಯವಿಟ್ಟು ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ಆಕ್ಸಿಜನ್ ಸೆನ್ಸರ್ ಇಲ್ಲಿ ದೂರು ಹೇಳಿದೆ ಅಷ್ಟೇ, ತಪ್ಪು ಅದರದ್ದಲ್ಲ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಕಂಡರೆ ಅದು ಹೇಳುತ್ತದೆ, ಇಸಿಯು (ಇಂಜಿನ್ ಕಂಪ್ಯೂಟರ್) ಅದನ್ನು ನಂಬಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಆ ಹೆಚ್ಚುವರಿಯೇ ನಿಮಗೆ ಕಾಣುವ +22. ಐದರ ಆಚೀಚೆ ಇದ್ದರೆ ಚಿಂತೆ ಇಲ್ಲ, ಹಳೆ ಗಾಡಿಯಲ್ಲಿ ಎಂಟು ಹತ್ತರವರೆಗೂ ಸಹಿಸಬಹುದು. ಇಪ್ಪತ್ತೆರಡು ಅಂದರೆ ಏನೋ ಕೆಟ್ಟಿದೆ.

ನೀವು ಎರಡು ವೇಗದಲ್ಲಿ ರೀಡಿಂಗ್ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಐಡಲ್‌ನಲ್ಲಿ ಕೆಟ್ಟದಾಗಿದ್ದು ಆರ್‌ಪಿಎಂ ಏರಿಸಿದಾಗ ಸರಿಹೋಗುತ್ತದೆ ಅಂದರೆ ಮೊದಲ ಅನುಮಾನ ವ್ಯಾಕ್ಯೂಮ್ ಲೀಕ್. ಏರ್‌ಫ್ಲೋ ಸೆನ್ಸರ್ ದಾಟಿದ ಮೇಲೆ ಎಲ್ಲೋ ಒಂದು ಸಣ್ಣ ಸೀಳಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿದೆ. ಐಡಲ್‌ನಲ್ಲಿ ಇಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಹಾಗಾಗಿ ಅದರಲ್ಲಿ ಈ ಕಳ್ಳಗಾಳಿಯ ಪಾಲು ದೊಡ್ಡದು. ವೇಗ ಏರಿದಾಗ ಒಟ್ಟು ಗಾಳಿ ಜಾಸ್ತಿಯಾಗಿ ಆ ಪಾಲು ಸಣ್ಣದಾಗುತ್ತದೆ. ಇದೇ ತಿರುಗುಮುರುಗಾಗಿ, ಐಡಲ್‌ನಲ್ಲಿ ಚೆನ್ನಾಗಿದ್ದು ಏರು ಹತ್ತುವಾಗ ಟ್ರಿಮ್ ಏರಿದ್ದರೆ ನಾನು ಫ್ಯೂಯಲ್ ಫಿಲ್ಟರ್, ಪಂಪ್, ಕೊಳೆಯಾದ ಏರ್‌ಫ್ಲೋ ಸೆನ್ಸರ್ ಕಡೆ ನೋಡಿ ಅನ್ನುತ್ತಿದ್ದೆ.

ಈಗ ಹುಡುಕುವ ಕೆಲಸ. ಮೊದಲು ಇಂಜಿನ್ ತಣ್ಣಗಿರುವಾಗ, ಆಫ್ ಇರುವಾಗ ರಬ್ಬರ್ ಪೈಪುಗಳನ್ನು ಕೈಯಲ್ಲಿ ಮುಟ್ಟಿ ನೋಡಿ. ಕಣ್ಣಿಂದ ನೋಡಿದರೆ ಸಾಲದು. ಪಿಸಿವಿ ಪೈಪು (ಇಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಒಯ್ಯುವುದು) ಬಾಗುವ ಜಾಗದಲ್ಲಿ ಮೇಲೆ ನೀಟಾಗಿ ಕಾಣುತ್ತದೆ, ಅಡಿಯಲ್ಲಿ ಬೆರಳಾಡಿಸಿದರೆ ಎಣ್ಣೆಗೆ ನೆನೆದು ಮೆತ್ತಗಾಗಿ ಸೀಳು ಬಿಟ್ಟಿರುತ್ತದೆ. ಆಮೇಲೆ ಇಂಜಿನ್ ಬಿಸಿ ಮಾಡಿ, ಸ್ಕ್ಯಾನರ್‌ನಲ್ಲಿ ಶಾರ್ಟ್ ಟರ್ಮ್ ಟ್ರಿಮ್ (ಕ್ಷಣಕ್ಷಣಕ್ಕೆ ಬದಲಾಗುವ ಹೊಂದಾಣಿಕೆ) ಇಟ್ಟುಕೊಂಡು, ಒಂದೊಂದೇ ವ್ಯಾಕ್ಯೂಮ್ ಪೈಪನ್ನು ಮೆಲ್ಲಗೆ ಒತ್ತಿ ಮುಚ್ಚಿ. ಲಾಂಗ್ ಟರ್ಮ್ ನಿಧಾನಕ್ಕೆ ಬದಲಾಗುತ್ತದೆ, ಅದನ್ನು ಕಾಯುತ್ತಾ ಕೂರಬೇಡಿ. ಬ್ರೇಕ್ ಬೂಸ್ಟರ್ (ಬ್ರೇಕ್ ಪೆಡಲ್ ಹಗುರ ಮಾಡುವ ಭಾಗ) ಪೈಪು ಒತ್ತಿದ ತಕ್ಷಣ ಶಾರ್ಟ್ ಟರ್ಮ್ ಸರ್ರನೆ ಕೆಳಗಿಳಿದರೆ ಲೀಕ್ ಆ ಪೈಪಿನಲ್ಲಿ ಅಥವಾ ಬೂಸ್ಟರಿನಲ್ಲೇ ಇದೆ, ಹಾಗಿದ್ದರೆ ಗಾಡಿ ಓಡಿಸಬೇಡಿ, ಮೊದಲು ಅದನ್ನು ಸರಿಮಾಡಿಸಿ. ಯಾವುದಕ್ಕೂ ಬದಲಾಗದಿದ್ದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಇಂಜಿನ್‌ಗೆ ಗಾಳಿ ಹಂಚುವ ಕೊಳವೆಯ ಸೀಲು) ಇರಬಹುದು. ಅದಕ್ಕೆ ಸ್ಮೋಕ್ ಟೆಸ್ಟ್ ಮಾಡಿಸಿ, ಗಾಳಿ ಹೋಗುವ ದಾರಿಗೆ ಹೊಗೆ ತುಂಬುತ್ತಾರೆ, ಅದು ಎಲ್ಲಿಂದ ಹೊರಗೆ ಬರುತ್ತದೋ ಲೀಕ್ ಅಲ್ಲೇ. ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಹುಡುಕುವವರು ಇದ್ದಾರೆ, ಬೆಂಕಿ ಹತ್ತುತ್ತದೆ, ನೀವು ಮಾಡಬೇಡಿ.

ಇನ್ನೊಂದು ಮಾತು. ಆಕ್ಸಿಜನ್ ಸೆನ್ಸರಿಗೆ ಮುಂಚೆಯೇ ಎಕ್ಸಾಸ್ಟ್ ಸೀಳಿದ್ದರೂ ಹೊರಗಿನ ಗಾಳಿ ಒಳಗೆ ಸೇರಿ ಸುಳ್ಳು ಲೀನ್ ತೋರಿಸುತ್ತದೆ. ಒಂದು ಪ್ಲಗ್ ಸರಿಯಾಗಿ ಉರಿಸದಿದ್ದರೂ ಹಾಗೇ, ಉರಿಯದ ಆಮ್ಲಜನಕ ಹಾಗೇ ಹೊರಗೆ ಹೋಗುತ್ತದೆ ಅಲ್ವಾ? ನಿಮ್ಮ ಇಂಜಿನ್ ನಡುಗುತ್ತಿದೆ, ಹಾಗಾಗಿ ಪ್ಲಗ್‌ಗಳನ್ನೂ ಒಮ್ಮೆ ಬಿಚ್ಚಿ ನೋಡಿ. ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಸ್ವಲ್ಪ ಓಡಿಸಿ, ಮತ್ತೆ ಅದೇ ಎರಡು ವೇಗದಲ್ಲಿ ರೀಡಿಂಗ್ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಕಾರಿನಲ್ಲಿ ಉಲ್ಟಾ. ಟ್ರಿಮ್ -18, ಪೆಟ್ರೋಲ್ ವಾಸನೆ, ಮೈಲೇಜ್ ಬಿದ್ದಿದೆ.

ಉತ್ತರ: ಇದು ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಇಸಿಯು ಪೆಟ್ರೋಲ್ ಕಡಿತ ಮಾಡುತ್ತಿದ್ದರೂ ಎಲ್ಲಿಂದಲೋ ಜಾಸ್ತಿ ಬರುತ್ತಿದೆ. ಮೊದಲು ಫ್ಯೂಯಲ್ ಪ್ರೆಶರ್ ರೆಗ್ಯುಲೇಟರಿನ (ಪೆಟ್ರೋಲ್ ಒತ್ತಡ ಹಿಡಿದಿಡುವ ಭಾಗ) ವ್ಯಾಕ್ಯೂಮ್ ಪೈಪು ಕಿತ್ತು ನೋಡಿ. ಅದರೊಳಗೆ ಪೆಟ್ರೋಲ್ ಹಸಿ ಕಂಡರೆ ರೆಗ್ಯುಲೇಟರ್ ಒಳಗೆ ಹರಿದಿದೆ, ಬೇರೆ ಹುಡುಕಬೇಕಿಲ್ಲ. ಒಣಗಿದ್ದರೆ ಸ್ಕ್ಯಾನರಿನಲ್ಲಿ ಕೂಲಂಟ್ ತಾಪಮಾನ ನೋಡಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ಅದು 30, 40 ಡಿಗ್ರಿ ಎಂದೇ ತೋರಿಸಿದರೆ ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಸುರಿಯುತ್ತದೆ. ಅದೂ ಸರಿ ಇದ್ದರೆ ಸೋರುವ ಇಂಜೆಕ್ಟರ್ ಅಥವಾ ಮುಚ್ಚದೆ ಉಳಿದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವುದು). ಇವತ್ತೇ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಸೋರುವುದನ್ನು ಸರಿಮಾಡಿಸಿ ಆಯಿಲ್ ಬದಲಿಸುವ ತನಕ ಗಾಡಿ ತೆಗೆಯಬೇಡಿ. ತೆಳುವಾದ ಆಯಿಲ್ ಬೇರಿಂಗ್ ತಿಂದುಬಿಡುತ್ತದೆ.